ಬಯೋಮೆಡಿಕಲ್ ಎಂ.ಎಸ್ಸಿ.ಯಲ್ಲಿ ವಿಜ್ಞಾನ ಸಂವಹನ: ಆರಿಸಿಕೊಳ್ಳಬಹುದೇ?

ಪ್ರಶ್ನೆ: ನಾನು ಮೂರ್ನಾಡು ಕಡೆಯವಳು. ಡಿಗ್ರಿ ಮುಗಿಸಿದ್ದೇನೆ. ನೆದರ್ಲೆಂಡ್ಸ್‌ನಲ್ಲಿ ಎರಡು ವರ್ಷದ ಬಯೋಮೆಡಿಕಲ್ ಸೈನ್ಸಸ್ ಎಂ.ಎಸ್ಸಿ.ಗೆ ಸೀಟು ಸಿಕ್ಕಿದೆ. ಎರಡನೇ ವರ್ಷ ಲ್ಯಾಬ್ ಸಂಶೋಧನೆಯಲ್ಲೇ ಮುಂದುವರಿಯಬಹುದು, ಇಲ್ಲವೇ ವಿಜ್ಞಾನ ಸಂವಹನ (ವಿಜ್ಞಾನದ ವಿಷಯವನ್ನು ಜನರಿಗೆ ತಿಳಿಯುವಂತೆ ಹೇಳುವುದು) ಆರಿಸಿಕೊಳ್ಳಬಹುದು. ನನಗೆ ಎರಡನೆಯದರ ಮೇಲೆ ಮನಸ್ಸು. “ಮಾತಾಡೋದು ಕಲಿಯೋಕೆ ಅಷ್ಟು ದುಡ್ಡು ಸುರೀಬೇಕಾ?” ಅಂತ ಅಪ್ಪ ಕೇಳುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ತಂದೆ ಕೇಳಿದ್ದು ನ್ಯಾಯವಾದ ಪ್ರಶ್ನೆ. ಮಾತಾಡುವುದಷ್ಟೇ ಕಲಿಸುವ ಕೋರ್ಸಾದರೆ ಬೇಡ ಎಂದೇ ನಾನೂ ಹೇಳುತ್ತೇನೆ. ಒಳ್ಳೆಯ ಕೋರ್ಸಿನಲ್ಲಿ ಕಲಿಸುವುದು ಬೇರೆ: ನಾವು ಹೇಳಿದ್ದು ಕೇಳಿದವರಿಗೆ ಏನಾಗಿ ತಲುಪಿತು ಎಂದು ಪರೀಕ್ಷೆ ಮಾಡಿ ನೋಡುವುದು.

ನಮ್ಮ ಕೊಡಗು ಜಿಲ್ಲೆಯ ವಿಷಯವನ್ನೇ ತೆಗೆದುಕೊಳ್ಳಿ. ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಆನುವಂಶಿಕ ಕಾಯಿಲೆ ಸಿಕಲ್ ಸೆಲ್ ಅನೀಮಿಯಾವನ್ನು 2047ರೊಳಗೆ ನಿರ್ಮೂಲ ಮಾಡುವ ಮಿಷನ್ ಅನ್ನು ಕೇಂದ್ರ ಸರ್ಕಾರ 2023ರ ಜುಲೈಯಲ್ಲಿ ಶುರು ಮಾಡಿತು. ಬುಡಕಟ್ಟು ಜನ ಹೆಚ್ಚಿರುವ ಕಡೆ 40 ವರ್ಷದವರೆಗಿನವರ ರಕ್ತ ಪರೀಕ್ಷೆ ಮಾಡುವುದು ಅದರ ಮುಖ್ಯ ಕೆಲಸ. ಎರವರು, ಜೇನು ಕುರುಬರು ಇರುವ ನಮ್ಮ ಹಾಡಿ, ಲೈನ್‌ಮನೆಗಳಿಗೆ ಇದು ದೂರದ ಸುದ್ದಿಯಲ್ಲ.

ಕಾಯಿಲೆಯ ಮೂಲ ನಿಮಗೆ ಗೊತ್ತೇ ಇದೆ. ರಕ್ತದ ಹಿಮೋಗ್ಲೋಬಿನ್‌ನ ಒಂದು ಭಾಗವನ್ನು ರೂಪಿಸುವ ಬೀಟಾ ಗ್ಲೋಬಿನ್ ಜೀನ್‌ನಲ್ಲಿ ಡಿಎನ್ಎಯ ಒಂದೇ ಒಂದು ಅಕ್ಷರ ಬದಲಾಗಿರುತ್ತದೆ. ತಂದೆ ತಾಯಿ ಇಬ್ಬರೂ ವಾಹಕರಾದರೆ, ಅಂದರೆ ಇಬ್ಬರಲ್ಲೂ ಆ ಜೀನ್‌ನ ಎರಡು ಪ್ರತಿಗಳಲ್ಲಿ ಒಂದು ಮಾತ್ರ ಬದಲಾಗಿದ್ದರೆ, ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಲ್ಯಾಬ್ ರಿಪೋರ್ಟ್ ಅಲ್ಲಿಗೆ ಮುಗಿಯುತ್ತದೆ. ತೊಡಕು ಶುರುವಾಗುವುದು ಆಮೇಲೆ. “ನಾಲ್ಕರಲ್ಲಿ ಒಂದು” ಅಂದ ಕೂಡಲೇ ಎಷ್ಟೋ ಜನ, ಓದಿದವರು ಕೂಡ, “ಮೊದಲ ಮಗುವಿಗೆ ಬಂತಲ್ಲ, ಇನ್ನು ಮೂರಕ್ಕೆ ಭಯವಿಲ್ಲ” ಅಂದುಕೊಳ್ಳುತ್ತಾರೆ. ಪ್ರತಿ ಸಲ ಬಸಿರಾದಾಗಲೂ ಲೆಕ್ಕ ಮೊದಲಿನಿಂದಲೇ ಶುರು ಎಂಬುದು ತಲೆಗೆ ಹೋಗುವುದಿಲ್ಲ. ವಾಹಕರ ಕಷ್ಟ ಇನ್ನೊಂದು ಬಗೆಯದು. ಅವರಿಗೆ ಸಾಮಾನ್ಯವಾಗಿ ಏನೂ ತೊಂದರೆ ಇರುವುದಿಲ್ಲ. ಆದರೂ ಹುಡುಗಿಗೆ “ರೋಗ ಇದೆಯಂತೆ” ಎಂಬ ಹೆಸರು ಬಿದ್ದರೆ ಮದುವೆ ಮಾತುಕತೆಯೇ ನಿಂತುಹೋಗಬಹುದು. ಕರಪತ್ರ ಅಚ್ಚಾಗುವುದು ಕನ್ನಡದಲ್ಲಿ, ಮನೆಯ ಮಾತು ಎರವ ಭಾಷೆ. ಇಷ್ಟೆಲ್ಲವನ್ನೂ ಆಶಾ ಕಾರ್ಯಕರ್ತೆಯ ಜಾಣ್ಮೆಗೆ ಬಿಟ್ಟು ಕೈತೊಳೆದುಕೊಳ್ಳುವುದು ಸರಿಯಲ್ಲ ಅಲ್ವಾ?

ಇಲ್ಲಿ ನೀವು ಕಲಿತದ್ದು ಕೆಲಸಕ್ಕೆ ಬರುತ್ತದೆ. ಒಂದೇ ಮಾಹಿತಿಯನ್ನು ಎರಡು ರೀತಿ ಬರೆಯಿರಿ. ಬೇರೆ ಬೇರೆ ಗುಂಪಿಗೆ ಹೇಳಿ. “ಗೊತ್ತಾಯ್ತಾ?” ಅಂತ ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. ಅವರ ಮಾತಲ್ಲೇ ವಾಪಸ್ ಹೇಳಿಸಿ. ಎಷ್ಟು ಜನ ಎಲ್ಲಿ ತಪ್ಪಿದರು ಎಂದು ಬರೆದಿಟ್ಟುಕೊಳ್ಳಿ. ಲ್ಯಾಬ್ ಪ್ರಯೋಗದಷ್ಟೇ ಕಟ್ಟುನಿಟ್ಟಾದ ಕೆಲಸ ಇದು.

ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಒಂದು ಘಟನೆ ಸಾಕು. ಹೊಸ ಬಗೆಯ ಗರ್ಭನಿರೋಧಕ ಮಾತ್ರೆಯಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟಾಗುತ್ತದೆ ಎಂದು 1995ರ ಅಕ್ಟೋಬರ್‌ನಲ್ಲಿ ಅಲ್ಲಿನ ಔಷಧ ಸುರಕ್ಷತಾ ಸಮಿತಿ ಎಚ್ಚರಿಸಿತು. ಸುದ್ದಿ ಸುಳ್ಳಲ್ಲ. ಆದರೆ 7,000 ಮಹಿಳೆಯರಲ್ಲಿ ಒಬ್ಬರಿಗಿದ್ದದ್ದು ಇಬ್ಬರಿಗಾಗಿತ್ತು, ಅಷ್ಟೇ. “ಎರಡು ಪಟ್ಟು” ಎಂಬುದನ್ನು ಮಾತ್ರ ಕೇಳಿದ ಎಷ್ಟೋ ಮಹಿಳೆಯರು ಮಾತ್ರೆ ಬಿಟ್ಟರು. ಮುಂದಿನ ವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತಗಳು ಜಾಸ್ತಿಯಾದವು ಎಂಬ ಅಂದಾಜಿದೆ. ಬಸಿರಾದಾಗ ರಕ್ತ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಗಿಂತಲೂ ಹೆಚ್ಚು. ನಿಮ್ಮ ತಂದೆಗೆ ಇದನ್ನು ಹೇಳಿ.

ಕೆಲಸದ ಬಗ್ಗೆಯೂ ಅವರಿಗೆ ಚಿಂತೆ ಇರಬಹುದು. ನಮ್ಮ ದೇಶದ 2019ರ ಔಷಧ ಪ್ರಯೋಗದ ನಿಯಮಗಳ ಪ್ರಕಾರ, ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲೇ ಮಾಹಿತಿ ಕೊಟ್ಟು ಒಪ್ಪಿಗೆ ಪಡೆಯಬೇಕು. ಜೀವಶಾಸ್ತ್ರ ಗೊತ್ತಿದ್ದು ಒಳ್ಳೆಯ ಕನ್ನಡ ಬರೆಯುವವರು ಅಲ್ಲಿ ಬೇಕು. ಬೆಂಗಳೂರಿನಲ್ಲಿ ಮೆಡಿಕಲ್ ರೈಟಿಂಗ್ (ವೈದ್ಯಕೀಯ ಬರವಣಿಗೆ) ಕೆಲಸಗಳಿವೆ. ಸಂಶೋಧನಾ ಸಂಸ್ಥೆಗಳಲ್ಲೂ ಸಂವಹನ ವಿಭಾಗಗಳಿವೆ. ಇವು ಕೈತುಂಬ ಸಂಬಳದಿಂದ ಶುರುವಾಗುವ ಕೆಲಸಗಳಲ್ಲ ಎಂಬುದನ್ನೂ ಮನೆಯಲ್ಲಿ ಮುಚ್ಚಿಡಬೇಡಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಮೊದಲ ವರ್ಷದ ಲ್ಯಾಬ್ ಕೆಲಸವನ್ನು ಹಗುರವಾಗಿ ನೋಡಬೇಡಿ. ಒಂದು ಫಲಿತಾಂಶದಲ್ಲಿ ಎಷ್ಟು ಅನುಮಾನ ಉಳಿದಿರುತ್ತದೆ ಎಂಬುದು ಕೈಯಾರೆ ಪ್ರಯೋಗ ಮಾಡಿದವರಿಗೇ ಗೊತ್ತಾಗುವುದು. ಲ್ಯಾಬ್‌ನಲ್ಲೇ ಪಿಎಚ್.ಡಿ. ಮಾಡುವ ಆಸೆ ಬಲವಾಗಿದ್ದರೆ ಎರಡನೇ ವರ್ಷವೂ ಅಲ್ಲೇ ಇರಿ, ಸಂವಹನವನ್ನು ಒಂದೆರಡು ಐಚ್ಛಿಕ ಪೇಪರ್‌ಗಳಲ್ಲಿ ಓದಿ. ಆ ಆಸೆ ಇಲ್ಲದಿದ್ದರೆ ಹಿಂಜರಿಯದೆ ಸಂವಹನ ಆರಿಸಿ.

ಫಾರಂ ತುಂಬುವ ಮೊದಲು ವಿಭಾಗಕ್ಕೆ ಇಮೇಲ್ ಮಾಡಿ. ಅಲ್ಲಿನ ಎಂ.ಎಸ್ಸಿ. ಒಟ್ಟು 120 ಕ್ರೆಡಿಟ್, ಒಂದು ಕ್ರೆಡಿಟ್ ಅಂದರೆ 28 ಗಂಟೆ ಕೆಲಸ. ಅದರಲ್ಲಿ ಸಂವಹನದ ಸಂಶೋಧನೆಗೆ ಎಷ್ಟು ಪಾಲು ಎಂದು ಕೇಳಿ. ಬರೀ ಬ್ಲಾಗ್, ಪೋಸ್ಟರ್ ಮಾಡಿಸುವುದಾದರೆ ಬೇಡ. ಡಚ್ ಭಾಷೆ ಬರದಿದ್ದರೆ ಇಂಟರ್ನ್‌ಶಿಪ್ ಸಿಗುತ್ತದೆಯೇ ಎಂದೂ ಕೇಳಿ. ಅದನ್ನು ಕೊಡಗಿನಲ್ಲಿ ಮಾಡುವ ಯೋಚನೆ ಇದ್ದರೆ ಇಲ್ಲಿನ ಒಂದು ಸಂಸ್ಥೆಯ ಮಾರ್ಗದರ್ಶಕರು ಬೇಕು, ಸಂಶೋಧನೆಯ ನೈತಿಕತೆ ಪರಿಶೀಲಿಸುವ ಎಥಿಕ್ಸ್ ಕಮಿಟಿಯ ಅನುಮತಿ ಬೇಕು. ವಿದೇಶಿ ವಿಶ್ವವಿದ್ಯಾಲಯ ಸೇರಿರುವುದರಿಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮೂಲಕ ಕೇಂದ್ರ ಆರೋಗ್ಯ ಸಚಿವಾಲಯದ ಸಮಿತಿಯ ಒಪ್ಪಿಗೆಯೂ ಬೇಕಾಗಬಹುದು. ಇದಕ್ಕೆಲ್ಲ ತಿಂಗಳುಗಟ್ಟಲೆ ಹಿಡಿಯುತ್ತದೆ, ಹಾಗಾಗಿ ಮೊದಲ ವರ್ಷದಲ್ಲೇ ಪತ್ರ ವ್ಯವಹಾರ ಶುರು ಮಾಡಿ.