ಟೆಲಿಸ್ಕೋಪ್ ಇಲ್ದೆ ನಕ್ಷತ್ರದ ಪಾಠ ಮಾಡೋದು ಹೇಗೆ?

ಪ್ರಶ್ನೆ: ಸಾರ್, ನಾನು ಹನ್ನೊಂದು, ಹನ್ನೆರಡನೇ ಕ್ಲಾಸಿಗೆ ಫಿಸಿಕ್ಸ್ ಮಾಡ್ತೀನಿ. ಖಗೋಳ ಭೌತಶಾಸ್ತ್ರ ಅಂದ ತಕ್ಷಣ ಮಕ್ಕಳು ಸೀದಾ ಬ್ಲ್ಯಾಕ್ ಹೋಲ್‌ಗೇ ಹಾರ್ತಾರೆ. ಟೆಲಿಸ್ಕೋಪೂ ಇಲ್ಲ, ಎಲ್ಲಿಂದ ಶುರು ಮಾಡ್ಲಿ?

ಉತ್ತರ: ಇಲ್ದೇ ಇರೋದು ಒಳ್ಳೇದೇ ಆಯ್ತು ಬಿಡಿ, ಬೆಳಕಿಂದ ಶುರು ಮಾಡಿ. ಹಳೇ ಸಿಡಿ ಒಂದು ಹುಡುಕಿ, ಅದರ ಗೆರೆಗಳ ನಡುವೆ ಸುಮಾರು 1.6 ಮೈಕ್ರಾನ್ ಅಂತರ ಇರುತ್ತೆ, ಅಂದ್ರೆ ಬೆಳಕನ್ನ ಬಣ್ಣ ಬಣ್ಣವಾಗಿ ಬಿಡಿಸೋ ಪುಕ್ಕಟೆ ಗ್ರೇಟಿಂಗ್. ರಟ್ಟಿನ ಡಬ್ಬಕ್ಕೆ ಬ್ಲೇಡಲ್ಲಿ ಸಣ್ಣ ಸೀಳು ಮಾಡಿ, ಒಳಗೆ ಸಿಡಿ ಓರೆಯಾಗಿಟ್ಟು, ಮೊದಲು ಎಲ್‌ಇಡಿ ಬಲ್ಬು, ಆಮೇಲೆ ಹಳೇ ಸಿಎಫ್‌ಎಲ್ ನೋಡಿಸಿ. ಎಲ್‌ಇಡಿಯಲ್ಲಿ ಬಣ್ಣಕ್ಕೆ ಬಣ್ಣ ಅಂಟ್ಕೊಂಡಿರುತ್ತೆ, ಸಿಎಫ್‌ಎಲ್‌ನಲ್ಲಿ ಬಿಡಿ ಬಿಡಿ ಗೆರೆ, ಅದರಲ್ಲಿ 436 ನ್ಯಾನೊಮೀಟರ್‌ನ ನೀಲಿ ಗೆರೆ ಪಾದರಸದ್ದು. (ಸೂರ್ಯನ ಕಡೆ ಮಾತ್ರ ತಿರುಗಿಸೋಕೆ ಬಿಡ್ಬೇಡಿ, ಕಣ್ಣು ಹೋಗುತ್ತೆ.) ನಕ್ಷತ್ರದಲ್ಲಿ ಏನಿದೆ ಅಂತ ಓದೋದೂ ಹಿಂಗೇನೇ, ಯಾವ ಬಿಸಿಗೆ ಎಷ್ಟು ಪರಮಾಣು ಎಲೆಕ್ಟ್ರಾನ್ ಕಳ್ಕೊಳ್ಳುತ್ತೆ ಅಂತ ನಮ್ಮ ವಿಜ್ಞಾನಿ ಮೇಘನಾದ ಸಹಾ 1920ರಲ್ಲಿ ಕೊಟ್ಟ ಸಮೀಕರಣ ಹಿಡ್ಕೊಂಡು 1925ರಲ್ಲಿ ಖಗೋಳ ವಿಜ್ಞಾನಿ ಸಿಸಿಲಿಯಾ ಪೇನ್ ನಕ್ಷತ್ರಗಳಲ್ಲಿ ಹೈಡ್ರೋಜನ್ನೇ ಜಾಸ್ತಿ ಅಂತ ತೋರಿಸಿದ್ರು, ಆಗ ದೊಡ್ಡೋರು ಯಾರೂ ನಂಬ್ಲಿಲ್ಲ ನೋಡಿ.

ಆಮೇಲೆ ವೀನ್ ನಿಯಮ, ಅಂದ್ರೆ ವಸ್ತು ಬಿಸಿ ಆದಷ್ಟೂ ಅದು ಅತಿ ಹೆಚ್ಚು ಸೂಸೋ ಬೆಳಕಿನ ತರಂಗಾಂತರ ಚಿಕ್ಕದಾಗುತ್ತೆ. ಸೂರ್ಯನ 5,800 ಕೆಲ್ವಿನ್ ಹಾಕಿದ್ರೆ 500 ನ್ಯಾನೊಮೀಟರ್ ಬರುತ್ತೆ, ಆರಿದ್ರಾ ನಕ್ಷತ್ರದ 3,500 ಹಾಕಿದ್ರೆ 830, ಅಂದ್ರೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್, ಕಾಣೋ ಬೆಳಕಲ್ಲಿ ಕೆಂಪೇ ಜಾಸ್ತಿ, ಅದಕ್ಕೇ ಅದು ಕೆಂಪಗೆ ಕಾಣೋದು. ಲೆಕ್ಕ ಅವರೇ ಮಾಡ್ಲಿ, ನೀವು ಬೋರ್ಡ್ ಮೇಲೆ ಬರೀಬೇಡಿ.

ಬ್ಲ್ಯಾಕ್ ಹೋಲ್ ಕೇಳಿದ್ರೆ ಬೈಬೇಡಿ, ಎಸ್ಕೇಪ್ ವೆಲಾಸಿಟಿ (ಗುರುತ್ವ ತಪ್ಪಿಸ್ಕೊಂಡು ಹೋಗೋಕೆ ಬೇಕಾದ ವೇಗ) ಸೂತ್ರದಲ್ಲಿ ಬೆಳಕಿನ ವೇಗ ಹಾಕ್ಸಿ, ಸೂರ್ಯನ ತೂಕಕ್ಕೆ ತ್ರಿಜ್ಯ 3 ಕಿಲೋಮೀಟರ್ ಬರುತ್ತೆ.