ಮೂರು ಮಹಡಿ ಗಾಜು ತೊಳೆಯಲು ಯಾವ ವಾಟರ್ ಫೆಡ್ ಪೋಲ್ ತಗೊಳ್ಳಬೇಕು?

ನೀವು ಕೇಳಿದ್ದು ಇಷ್ಟು: ತುಮಕೂರಿನಲ್ಲಿ ಇಬ್ಬರು ಹುಡುಗರನ್ನು ಇಟ್ಟುಕೊಂಡು ಕ್ಲೀನಿಂಗ್ ಕೆಲಸ ಶುರು ಮಾಡಿದ್ದೀರಿ. ಶೋರೂಂ, ನರ್ಸಿಂಗ್ ಹೋಂ, ಬ್ಯಾಂಕ್ ಇರುವ ಕಟ್ಟಡಗಳೇ ಜಾಸ್ತಿ, ಗ್ರೌಂಡ್ ಮೇಲೆ ಎರಡು ಮಹಡಿ, ಅಲ್ಲೊಂದು ಇಲ್ಲೊಂದು ಮೂರು. ಏಣಿ ಬಿಟ್ಟು ವಾಟರ್ ಫೆಡ್ ಪೋಲ್‌ಗೆ ಹೋಗಬೇಕು ಅಂತಿದ್ದೀರಿ, ಅಂದರೆ ನೆಲದಲ್ಲೇ ನಿಂತು ಗಾಜು ಉಜ್ಜುವ, ತುದಿಯ ಬ್ರಷ್‌ಗೆ ಪೈಪಿನಲ್ಲಿ ನೀರು ಏರುವ ಉದ್ದ ಕೋಲು. 45 ಅಡಿ ಫೈಬರ್ ಗ್ಲಾಸ್ ತಗೊಳ್ಳೋದಾ, ಹೆಚ್ಚುಕಡಿಮೆ ಅದೇ ದುಡ್ಡಿಗೆ 30 ಅಡಿ ಕಾರ್ಬನ್ ಫೈಬರ್ ತಗೊಳ್ಳೋದಾ?

30 ಅಡಿ ಕಾರ್ಬನ್ ತಗೊಳ್ಳಿ. ಆದರೆ ನಿಮ್ಮ ನೀರು ಎಂಥದು, ಕಟ್ಟಡದ ಮುಂದೆ ಕರೆಂಟ್ ಲೈನ್ ಎಲ್ಲಿದೆ, ಈ ಎರಡನ್ನು ನೋಡದೆ ದುಡ್ಡು ಕೊಡಬೇಡಿ.

ನಾನು ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುವವನು. ಶುರುವಿನಲ್ಲಿ ನಾನೂ ಉದ್ದ ನೋಡಿಯೇ ತಗೊಂಡೆ, 45 ಅಡಿ ಫೈಬರ್ ಗ್ಲಾಸ್. ಅಂಗಡಿಯಲ್ಲಿ ಅರ್ಧ ಎಳೆದು ತೋರಿಸಿದರು, ಗಟ್ಟಿಯಾಗಿತ್ತು. ಮೊದಲ ಕೆಲಸ ರಾಜಾಜಿನಗರದಲ್ಲಿ, ಗ್ರೌಂಡ್ ಮೇಲೆ ಮೂರು ಮಹಡಿ ಕಟ್ಟಡ. ಪೂರ್ತಿ ಎಳೆದಾಗ ಪೋಲ್ ಬಿಲ್ಲಿನ ಹಾಗೆ ಬಾಗಿತು. ಕೆಳಗೆ ಹುಡುಗ ಒಂದಡಿ ಎಳೆದರೂ ಮೇಲೆ ಬ್ರಷ್ ಅಲ್ಲೇ ನಿಂತಿರುತ್ತಿತ್ತು. ಆಮೇಲೆ ಒಮ್ಮೆಗೇ ಜಾರಿ ಫ್ರೇಮಿಗೆ ಬಡಿಯುತ್ತಿತ್ತು. ಉಜ್ಜುವ ಬಲವೆಲ್ಲ ಪೋಲ್ ಬಾಗುವುದಕ್ಕೇ ಹೋಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅವನು ಕತ್ತು ತಿರುಗಿಸಲಾಗದೆ ಕೂತುಬಿಟ್ಟ. ಅವತ್ತಿಂದ ಪೋಲ್ ಎಷ್ಟು ಮೇಲೆ ಮುಟ್ಟುತ್ತದೆ ಅಂತ ನಾನು ಮೊದಲು ಕೇಳುವುದಿಲ್ಲ. ದಿನಾ ಕೆಲಸ ಮಾಡುವ ಎತ್ತರದಲ್ಲಿ ಅದು ಎಷ್ಟು ಬಾಗುತ್ತದೆ, ಸಂಜೆವರೆಗೆ ಹುಡುಗರು ಅದನ್ನು ಹಿಡಿಯಬಲ್ಲರಾ, ಇದನ್ನೇ ನೋಡುತ್ತೇನೆ.

ಎತ್ತರದ ಲೆಕ್ಕ ಸುಲಭ. ಒಂದು ಮಹಡಿಗೆ ಸುಮಾರು 10 ಅಡಿ ಇಟ್ಟುಕೊಳ್ಳಿ. ಗ್ರೌಂಡ್ ಮೇಲೆ ಎರಡು ಮಹಡಿ ಇದ್ದರೆ ಮೇಲಿನ ಕಿಟಕಿಯ ತಲೆ 28ರಿಂದ 30 ಅಡಿಯಲ್ಲಿರುತ್ತದೆ. ಗೋಡೆಯಿಂದ 10 ಅಡಿ ಹಿಂದೆ ನಿಂತು 30 ಅಡಿ ಪೋಲ್ ಎತ್ತಿದರೆ, ಓರೆಯಾಗುವುದರಿಂದ 28 ಅಡಿ ಚಿಲ್ಲರೆ ಸಿಗುತ್ತದೆ. ಪೋಲ್‌ನ ಬುಡ ನೆಲದಲ್ಲಿರುವುದಿಲ್ಲ, ನಿಮ್ಮ ಸೊಂಟದ ಹತ್ತಿರ ಇರುತ್ತದೆ. ಹಾಗಾಗಿ ಇನ್ನೊಂದು ಮೂರಡಿ ಸೇರುತ್ತದೆ. ನಿಮ್ಮ ಬಹುಪಾಲು ಕೆಲಸ ಇದರಲ್ಲೇ ಮುಗಿಯುತ್ತದೆ, ಅಲ್ವಾ? ಮೂರನೇ ಮಹಡಿಗೆ ಆಮೇಲೆ ಕೆಳಗಿನಿಂದ ಸೇರಿಸುವ ಎಕ್ಸ್‌ಟೆನ್ಷನ್ ತಗೊಳ್ಳಿ. ಉಂಗರ್ ಕಂಪನಿಯ ಎನ್‌ಲೈಟ್ ಥರದ ಪೋಲ್‌ಗಳಲ್ಲಿ ಹೀಗೆ ಸೇರಿಸಬಹುದು. ಬೇರೆ ಯಾವುದಾದರೂ ತಗೊಳ್ಳುವುದಾದರೆ, ಇದಕ್ಕೆ ಎಕ್ಸ್‌ಟೆನ್ಷನ್ ಬರುತ್ತಾ, ಒಂದು ಸೆಕ್ಷನ್ ಸೀಳಿದರೆ ಅದೊಂದನ್ನೇ ಕೊಡುತ್ತೀರಾ ಅಂತ ಕೇಳಿ.

ಅಲ್ಯೂಮಿನಿಯಂ ಒಂದು ಮಹಡಿಗೆ ಸರಿ. ಫೈಬರ್ ಗ್ಲಾಸ್ 20 ಅಡಿಯೊಳಗೆ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಅಲ್ಲಿಂದ ಮೇಲೆ ಭಾರವೂ ಹೌದು, ಬಾಗುವುದೂ ಹೌದು. ಫೈಬರ್ ಗ್ಲಾಸ್, ಕಾರ್ಬನ್ ಎರಡೂ ಸೇರಿದ ಹೈಬ್ರಿಡ್ ನಡುವಿನದು. ಕೈಯಲ್ಲಿ ದುಡ್ಡು ಕಮ್ಮಿ ಇದ್ದರೆ ಅದು ಕೆಟ್ಟ ಆಯ್ಕೆಯಲ್ಲ. ಕಾರ್ಬನ್ ಹಗುರ, ಬಿಗಿ. ಹೈ ಮಾಡ್ಯುಲಸ್ ಕಾರ್ಬನ್ ಇನ್ನೂ ಬಿಗಿ, ಆದರೆ ನಿಮ್ಮ ಎತ್ತರಕ್ಕೆ ಬೇಕಿಲ್ಲ.

ಅಂಗಡಿಯಲ್ಲಿ ಬರೀ ಪೋಲ್ ಎತ್ತಿ ನೋಡಿ ಬರಬೇಡಿ. ಬ್ರಷ್ ಹಾಕಿಸಿ, ಪೈಪಿನಲ್ಲಿ ನೀರು ತುಂಬಿಸಿ, ಹೊರಗೆ ಬಂದು ಪೂರ್ತಿ ಎಳೆದು ಗೋಡೆಗೆ ಐದು ನಿಮಿಷ ಉಜ್ಜಿ. ಪ್ರತಿ ಜಾಯಿಂಟ್‌ನಲ್ಲಿ ಒಂದು ಕ್ಲಾಂಪ್ ಇರುತ್ತದೆ. ಅದನ್ನು ಹಾಕಿ, ಮೇಲಿನ ಸೆಕ್ಷನ್ನನ್ನು ಕೆಳಕ್ಕೆ ಜೋರಾಗಿ ಒತ್ತಿ ನೋಡಿ. ಒಂದು ಕೂದಲೆಳೆಯಷ್ಟು ಜಾರಿದರೂ ಸ್ಕ್ರೂ ಬಿಗಿ ಮಾಡಿಸಿ ಮತ್ತೆ ಒತ್ತಿ. ಒದ್ದೆ ಕೈಯಲ್ಲಿ ತೆಗೆದು ಹಾಕಿ ಮಾಡಿ. ದಿನಕ್ಕೆ ನೂರಾರು ಸಲ ಮಾಡುವ ಕೆಲಸ ಅದು, ಬೆರಳಿಗೆ ನೋವಾದರೆ ಆ ಪೋಲ್ ಬೇಡ. ಮರಳು ಧೂಳು ಹೊಕ್ಕರೆ ಕ್ಲಾಂಪೂ ಸವೆಯುತ್ತದೆ, ಕಾರ್ಬನ್ ಕೊಳವೆಯೂ ಗೀರಾಗುತ್ತದೆ. ಹಾಗಾಗಿ ಸಂಜೆ ಒಮ್ಮೆ ನೀರಲ್ಲಿ ತೊಳೆದು ಒರೆಸಿಡಿ. ಎಣ್ಣೆ, ಗ್ರೀಸ್ ಹಚ್ಚಬೇಡಿ.

ಈಗ ಕರೆಂಟ್. ಇದನ್ನು ದಯವಿಟ್ಟು ನಿಮ್ಮ ಹುಡುಗರಿಗೂ ಓದಿ ಹೇಳಿ. ಕಾರ್ಬನ್‌ನಲ್ಲಿ ವಿದ್ಯುತ್ ಹರಿಯುತ್ತದೆ. ಫೈಬರ್ ಗ್ಲಾಸ್ ಒಣಗಿದ್ದಾಗ ತಡೆಯುತ್ತದೆ, ಆದರೆ ನಮ್ಮ ಪೋಲ್ ಯಾವತ್ತು ಒಣಗಿರುತ್ತದೆ ಹೇಳಿ? ಒಳಗೂ ನೀರು, ಹೊರಗೂ ಕೊಳೆ ನೀರು. ಅದನ್ನು ನಂಬಿ ಲೈನ್ ಹತ್ತಿರ ಹೋಗಬೇಡಿ. ನಿಯಮದ ಪ್ರಕಾರ 11 ಕೆವಿ ಲೈನ್ ಕಟ್ಟಡದಿಂದ ಪಕ್ಕಕ್ಕೆ ಕನಿಷ್ಠ 1.2 ಮೀಟರ್ ದೂರ ಇರಬೇಕು, ಅಂದರೆ ನಾಲ್ಕು ಅಡಿ. ನೀವು ನಿಲ್ಲುವುದು 10 ಅಡಿ ಹಿಂದೆ. ಹಾಗಾದರೆ ನಿಯಮದ ಪ್ರಕಾರವೇ ಎಳೆದ ಲೈನ್ ಕೂಡ ನಿಮಗೂ ಗಾಜಿಗೂ ನಡುವೆ ಬರಬಹುದು! ಅಂಥ ಕಡೆ ನಾನು ಬೆಸ್ಕಾಂನವರಿಂದ ಲೈನ್ ಆಫ್ ಮಾಡಿಸಲು ಮಾಲೀಕರಿಗೆ ಹೇಳುತ್ತೇನೆ. ಆಗಲ್ಲ ಅಂದರೆ ಆ ಬದಿಯ ಕೆಲಸ ಒಪ್ಪಿಕೊಳ್ಳುವುದಿಲ್ಲ. ಎಷ್ಟೇ ದುಡ್ಡು ಕೊಟ್ಟರೂ ಇಲ್ಲ. ಇನ್ನೊಂದು ವಿಷಯ: ಪೋಲ್ ಎತ್ತಿ ಹಿಡಿದುಕೊಂಡೇ ಒಂದು ಕಿಟಕಿಯಿಂದ ಇನ್ನೊಂದಕ್ಕೆ ನಡೆಯುವ ಅಭ್ಯಾಸ ಎಲ್ಲರಿಗೂ ಬರುತ್ತದೆ. ಆಗ ಕಣ್ಣು ನೆಲದ ಮೇಲಿರುತ್ತದೆ, ತಂತಿ ಕಾಣುವುದಿಲ್ಲ. ಇಳಿಸಿ, ನಡೆದು, ಮತ್ತೆ ಎತ್ತಲಿ.

ನೀರಿನ ಕಥೆಗೆ ಬರುತ್ತೇನೆ. ರಾಜಾಜಿನಗರದ ಆ ಕಟ್ಟಡಕ್ಕೆ ನಾನು ಹಾಕಿದ್ದು ಅಲ್ಲಿನ ಬೋರ್ ನೀರು. ಒದ್ದೆ ಇದ್ದಾಗ ಗಾಜು ಫಳಫಳ ಅಂತಿತ್ತು. ಮರುದಿನ ಬೆಳಗ್ಗೆ ಮಾಲೀಕರು ಫೋನ್ ಮಾಡಿ ಕರೆಸಿದರು. ಬಿಸಿಲಿಗೆ ಪ್ರತಿ ಗಾಜಿನ ಮೇಲೂ ಬಿಳಿ ಚುಕ್ಕಿ. ಕಿಟಕಿಯ ಕೆಳ ಅಂಚಿನಲ್ಲಿ, ನೀರು ಇಳಿದು ನಿಂತ ಕಡೆ, ಸುಣ್ಣದ ಗೆರೆ ಎಳೆದ ಹಾಗಿತ್ತು. ನೀರು ಆರಿಹೋಗುತ್ತದೆ, ಅದರಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಗಾಜಿನ ಮೇಲೆ ಉಳಿಯುತ್ತದೆ. ಪೋಲ್ ಕೆಲಸದಲ್ಲಿ ವೈಪರ್‌ನಿಂದ ಎಳೆಯುವುದಿಲ್ಲ, ಬಟ್ಟೆಯಿಂದ ಒರೆಸುವುದಿಲ್ಲ. ತಾನಾಗಿ ಆರಿದರೂ ಕಲೆ ಬಿಡದಂಥ ನೀರೇ ಬೇಕು.

ನೀರಿನಲ್ಲಿ ಎಷ್ಟು ಖನಿಜ ಕರಗಿದೆ ಅನ್ನುವ ಅಳತೆಯೇ ಟಿಡಿಎಸ್, ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ ಲೆಕ್ಕ. ಕುಡಿಯುವ ನೀರಿಗೆ ಅದು 500ರೊಳಗಿದ್ದರೆ ಒಳ್ಳೆಯದು ಅನ್ನುತ್ತದೆ ಬಿಐಎಸ್, ಅಂದರೆ ನಮ್ಮ ದೇಶದ ಗುಣಮಟ್ಟ ನಿಗದಿ ಮಾಡುವ ಸಂಸ್ಥೆ. ಗಾಜಿಗೆ 10ರೊಳಗೆ ಬೇಕು, ಸೊನ್ನೆ ಬಂದರೆ ಇನ್ನೂ ಒಳ್ಳೆಯದು. 20 ಲೀಟರ್ ಕ್ಯಾನ್ ನೀರು ಹಾಕಿದರೆ ಆಗಲ್ವಾ ಅಂತ ಬಹಳ ಜನ ಕೇಳುತ್ತಾರೆ. ಆಗಲ್ಲ, ಅದರಲ್ಲೂ ಖನಿಜ ಇರುತ್ತದೆ. ಡಿಐ ರೆಸಿನ್, ಅಂದರೆ ನೀರಿನಲ್ಲಿ ಕರಗಿದ ಖನಿಜವನ್ನು ಹಿಡಿದುಕೊಳ್ಳುವ ಸಣ್ಣ ಕಾಳುಗಳು, ತುಂಬಿದ ಸಿಲಿಂಡರ್ ಬೇಕು. ನಿಮ್ಮೂರಲ್ಲಿ ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನೀರು ಸಿಗುವ ಕಟ್ಟಡ ಬೇರೆ, ಬೋರ್ ನೀರಿನ ಕಟ್ಟಡ ಬೇರೆ. ಟಿಡಿಎಸ್ ಹತ್ತು ಪಟ್ಟು ಜಾಸ್ತಿ ಇದ್ದರೆ ರೆಸಿನ್ ಹತ್ತು ಪಟ್ಟು ಬೇಗ ಮುಗಿಯುತ್ತದೆ. ಬೋರ್ ನೀರನ್ನು ನೇರವಾಗಿ ರೆಸಿನ್‌ಗೆ ಬಿಟ್ಟರೆ ನಿಮ್ಮ ಲಾಭ ಅದರಲ್ಲೇ ಕರಗುತ್ತದೆ. ಮೊದಲು ಬಹುಪಾಲು ಖನಿಜ ತೆಗೆಯುವ ಆರ್‌ಒ ಫಿಲ್ಟರ್, ಆಮೇಲೆ ಡಿಐ. ರಾತ್ರಿ ಗೋಡೌನ್‌ನಲ್ಲಿ ನೀರು ಮಾಡಿ ಡ್ರಮ್ಮಿಗೆ ತುಂಬಿಕೊಂಡು ಹೋಗುವುದೇ ನನಗೆ ಒಗ್ಗಿದ ದಾರಿ. ನಿಮಿಷಕ್ಕೆ ಎರಡು ಲೀಟರ್ ಅಂದರೂ 200 ಲೀಟರ್ ಡ್ರಮ್ ಒಂದೂವರೆ ಗಂಟೆ ಮೇಲೆ ಬರುತ್ತದೆ. ಪಂಪ್ ನೋಡುವಾಗ ನೆನಪಿಡಿ, ನೀರು 10 ಮೀಟರ್ ಮೇಲೇರಿದರೆ ಒಂದು ಬಾರ್ ಒತ್ತಡ ಅದಕ್ಕೇ ಹೋಗುತ್ತದೆ.

ಗಾಜಿನ ಮೇಲೆ ಈಗಾಗಲೇ ಕೂತಿರುವ ಹಳೆಯ ಉಪ್ಪಿನ ಕಲೆ, ಸಿಮೆಂಟ್, ಪೇಂಟ್ ಹನಿ ಪೋಲ್‌ಗೆ ಹೋಗುವುದಿಲ್ಲ. ಇದನ್ನು ಕೊಟೇಶನ್ ಕೊಡುವಾಗಲೇ ಮಾಲೀಕರಿಗೆ ತೋರಿಸಿ ಹೇಳಿ.

ಬ್ರಷ್‌ಗೆ ನೈಲಾನ್ ಸಾಕು, 10ರಿಂದ 12 ಇಂಚು ಅಗಲ. ಆದರೆ ಗೂಸ್‌ನೆಕ್, ಅಂದರೆ ಪೋಲ್‌ಗೂ ಬ್ರಷ್‌ಗೂ ನಡುವೆ ಹಾಕುವ ಬಾಗಿದ ಕುತ್ತಿಗೆ, ಬಿಡಬೇಡಿ. ನಮ್ಮ ಕಟ್ಟಡಗಳಲ್ಲಿ ಕಿಟಕಿ ಮೇಲೆ ಸಜ್ಜಾ ಇರುತ್ತದಲ್ಲ, ನೇರ ಬ್ರಷ್ ಅದಕ್ಕೆ ತಗುಲಿ ಮೇಲಿನ ಅರ್ಧ ಅಡಿ ಗಾಜು ಹಾಗೇ ಉಳಿಯುತ್ತದೆ. ಗೂಸ್‌ನೆಕ್ ಬಗ್ಗಿಸಿದರೆ ಬ್ರಷ್ ಸಜ್ಜಾದ ಕೆಳಗೆ ಹೊಕ್ಕುತ್ತದೆ. ಸಜ್ಜಾದ ಅಂಚು ಒದ್ದೆಯಾದರೆ ಅದರ ಧೂಳು ತೊಳೆದ ಗಾಜಿನ ಮೇಲೆ ತೊಟ್ಟಿಕ್ಕುತ್ತದೆ. ಅದಕ್ಕೇ ಮೊದಲು ಅಂಚು, ಆಮೇಲೆ ಫ್ರೇಮಿನ ತಲೆ, ಕೊನೆಗೆ ಗಾಜು. ನೀರು ಹನಿಹನಿಯಾಗಿ ಒಡೆಯುವ ಗಾಜಾದರೆ ಬ್ರಷ್ ಗಾಜಿಗೆ ತಾಗಿಸಿಕೊಂಡೇ ಜಾಲಾಡಿಸಿ. ಹಾಳೆಯ ಹಾಗೆ ಇಳಿಯುವ ಗಾಜಾದರೆ ಬ್ರಷ್ ಸ್ವಲ್ಪ ಎತ್ತಿ ಮೇಲಿನಿಂದ ನೀರು ಬಿಟ್ಟರೆ ಸಾಕು. ಸ್ಲೈಡಿಂಗ್ ಕಿಟಕಿಯ ಕೆಳಗಿನ ಟ್ರ್ಯಾಕಿನಲ್ಲಿ ಮಣ್ಣು ಕಟ್ಟಿಕೊಂಡಿದ್ದರೆ ನೀರು ಒಳಗೆ ಇಳಿಯುತ್ತದೆ, ಒಳಗೊಬ್ಬ ಬಟ್ಟೆ ಹಿಡಿದು ನಿಂತಿರಲಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ನಾಳೆಯೇ ಕೆಲವು ನೂರು ರೂಪಾಯಿಯ ಟಿಡಿಎಸ್ ಮೀಟರ್ ತಗೊಂಡು, ಒಪ್ಪಿಕೊಂಡಿರುವ ಕಟ್ಟಡಗಳ ನಲ್ಲಿ ನೀರನ್ನೆಲ್ಲ ಅಳೆದು ಬರೆದಿಟ್ಟುಕೊಳ್ಳುತ್ತಿದ್ದೆ. ಹೋದಲ್ಲೆಲ್ಲ ಹೊರಗೆ ನಿಂತು ತಂತಿ ಎಲ್ಲಿ ಹೋಗಿದೆ ಅಂತ ಫೋಟೋ ತೆಗೆಯುತ್ತಿದ್ದೆ. ಪೋಲ್ ಆಮೇಲೆ. ಟಿಡಿಎಸ್ ಎಷ್ಟು ಬಂತು ಅಂತ ತಿಳಿಸಿ, ಆರ್‌ಒ ಎಷ್ಟು ದೊಡ್ಡದು ಬೇಕು ಅಂತ ಇಬ್ಬರೂ ಕೂತು ಲೆಕ್ಕ ಹಾಕೋಣ.