ಅಂಗೈ ಜೋಮಿಗೆ ಫ್ರೇಮ್ ಬದಲಿಸೋದು ಕೊನೆಯ ಉಪಾಯ

ಕೊಪ್ಪಳದಿಂದ ಬಳ್ಳಾರಿಗೆ ಸೈಕಲ್ ತುಳಿಯುವಾಗ ಅಂಗೈ ಜೋಮು ಹಿಡಿಯುತ್ತೆ, ಅಲ್ಯೂಮಿನಿಯಂ ಬಿಟ್ಟು ಸ್ಟೀಲ್ ಫ್ರೇಮ್ ತಗೋಬೇಕಾ ಅಂತ ಕೇಳಿದ್ದೀರಿ. ಹೊಸಪೇಟೆ ದಾಟುತ್ತಲೇ ಅಂಗೈ ಜೋಮು ಹಿಡಿಯೋದಕ್ಕೆ ಬಹುಶಃ ಅಲ್ಯೂಮಿನಿಯಂ ಫ್ರೇಮ್ ಕಾರಣವಲ್ಲ. ಅಸಲಿ ಕಾರಣ 23 ಮಿ.ಮೀ. ಅಗಲದ ಟೈರಿಗೆ 110 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಗಾಳಿ, ಜೊತೆಗೆ ತೀರಾ ತಗ್ಗಿನ ಹ್ಯಾಂಡಲ್. ಇವೆರಡೂ ಹಾಗೇ ಇದ್ದರೆ ಸ್ಟೀಲ್ ಸೈಕಲ್‌ನಲ್ಲೂ ಕೊಪ್ಪಳದಿಂದ ಬಳ್ಳಾರಿ ಮುಟ್ಟೋದ್ರೊಳಗೆ ಅದೇ ಗೋಳು.

ಮೊದಲು ಸೀಟಿನ ಮೂತಿ ನೋಡಿ. ಕೆಳಗೆ ಬಾಗಿದ್ದರೆ ಮೈಭಾರವೆಲ್ಲ ಅಂಗೈಗೇ ಇಳಿಯುತ್ತೆ, ಮಟ್ಟಸ ಮಾಡಿ. ಸ್ಟೆಮ್ (ಹ್ಯಾಂಡಲನ್ನು ಸೈಕಲ್ಲಿಗೆ ಹಿಡಿದಿಡುವ ತುಂಡು) ಮೇಲಿರುವ ಸ್ಪೇಸರ್ ಬಳೆಗಳನ್ನು ಅದರ ಕೆಳಕ್ಕೆ ಹಾಕಿದರೆ ಹ್ಯಾಂಡಲ್ ಅಷ್ಟು ಎತ್ತರವಾಗುತ್ತೆ. ಆಮೇಲೆ, ಮುಂದಿನ ಚಕ್ರ ಹಿಡಿಯುವ ಫೋರ್ಕ್‌ನಲ್ಲಿ ಸಂದು ಉಳಿಯುತ್ತೆ ಅನ್ನೋದಾದರೆ 28 ಮಿ.ಮೀ. ಟೈರ್ ಹಾಕಿ ಒಂದೆರಡು ವಾರ ಓಡಿಸಿ. ಇಷ್ಟಾದರೂ ಕಿರುಬೆರಳಿನ ಜೋಮು ಮರುದಿನವೂ ಉಳಿದರೆ ಅದು ನರದ ವಿಷಯ, ಡಾಕ್ಟರಿಗೆ ತೋರಿಸಿ.

ಆದರೂ ಸ್ಟೀಲೇ ಬೇಕು ಅಂದರೆ, ತಪ್ಪೇನಿಲ್ಲ, ನನಗೂ ಅದೇ ಇಷ್ಟ. ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಗಟ್ಟಿ ಸ್ಟೀಲ್) ಫ್ರೇಮನ್ನೇ ಕೇಳಿ. ಹೈ-ಟೆನ್ ಅನ್ನೋ ಅಗ್ಗದ ಸ್ಟೀಲ್ ಅಂದರೆ ಬರೀ ಭಾರ. ಬಣ್ಣ, ಬ್ರಾಂಡ್ ಆಮೇಲೆ. ಫ್ರೇಮಿನ ಅಳತೆ ಕೊಡುವ ಜಾಮೆಟ್ರಿ ಪಟ್ಟಿಯಲ್ಲಿ ಸ್ಟ್ಯಾಕ್ (ಫ್ರೇಮಿನ ಮುಂಭಾಗದ ಎತ್ತರ) ನಿಮ್ಮ ಈಗಿನ ಸೈಕಲ್‌ಗಿಂತ ಹೆಚ್ಚಿರಲಿ, ರೀಚ್ (ಮುಂದಕ್ಕೆ ಚಾಚುವ ಉದ್ದ) ಕಡಿಮೆ ಇರಲಿ, 32 ಮಿ.ಮೀ. ಟೈರ್ ಸಲೀಸಾಗಿ ಕೂರಲಿ. ನಿಮ್ಮ 75 ಕೆ.ಜಿ. ತೂಕಕ್ಕೆ ಅದರಲ್ಲಿ 60–65 ಪಿಎಸ್‌ಐ ಇಂದ ಶುರು ಮಾಡಿ. ಟ್ಯೂಬ್‌ಲೆಸ್ ಮಾಡಿಸಿ ಸೀಲೆಂಟ್ (ತೂತು ಮುಚ್ಚುವ ದ್ರವ) ತುಂಬಿಸೋದು ಮರೀಬೇಡಿ: ನಮ್ಮ ರಸ್ತೆ ಅಂಚಿನ ಬಳ್ಳಾರಿ ಜಾಲಿ ಮುಳ್ಳಿಗೆ ಫ್ರೇಮ್ ಯಾವುದಾದರೂ ಒಂದೇ.